ಸಾಕು ಎನ್ನುವ ಬಾಯಿ

ರಾಯಚೂರಿನ ಬೇಸಿಗೆಯಲ್ಲಿ ಮನೆಯ ನೆರಳೂ ಸುಡುತ್ತದೆ. ಕಳೆದ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಕೋಣೆಯೊಳಗೇ 38 ಡಿಗ್ರಿ ಇದ್ದಾಗ, ನನ್ನ ಹಳೆಯ ಕಂಪ್ಯೂಟರಿನ ಫ್ಯಾನು ಒದರತೊಡಗಿತು. ಪಡಸಾಲೆಯಲ್ಲಿ ಅಡ್ಡಾಗಿದ್ದ ಅವ್ವ ಎದ್ದು ಬಂದು ಬಾಗಿಲಲ್ಲಿ ನಿಂತು, “ಏನಪಾ ಅದು, ಹಿಟ್ಟಿನ ಗಿರಣಿ ಹಚ್ಚಿಯೇನು?” ಎಂದಳು.

ಅದು 2009ರಲ್ಲಿ ಅಣ್ಣ ಡಿಟಿಪಿ ಕೆಲಸಕ್ಕೆಂದು ತಂದ ಯಂತ್ರ. ಒಳಗಿರುವುದು ಇಂಟೆಲ್ ಕಂಪನಿಯ ಕೋರ್ 2 ಡ್ಯುಯೋ ಇ8400 ಎಂಬ ಪ್ರೊಸೆಸರ್. 2008ರ ಆರಂಭದಲ್ಲಿ ಮಾರುಕಟ್ಟೆಗೆ ಬಂದದ್ದು. ಹೆಬ್ಬೆರಳಿನ ಉಗುರಿನಷ್ಟು ಸಿಲಿಕಾನ್ ತುಣುಕಿನಲ್ಲಿ 41 ಕೋಟಿ ಟ್ರಾನ್ಸಿಸ್ಟರುಗಳು, ಸೆಕೆಂಡಿಗೆ 300 ಕೋಟಿ ಬಡಿತ. ಅಣ್ಣ ಕೆಲಸ ಹುಡುಕಿಕೊಂಡು ಪುಣೆಗೆ ಹೋದ, ಯಂತ್ರ ನನಗೆ ಉಳಿಯಿತು. ನಾನು ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುವ ಅತಿಥಿ ಉಪನ್ಯಾಸಕ. ಪಾಠದ ಟಿಪ್ಪಣಿ, ಪ್ರಶ್ನೆಪತ್ರಿಕೆ, ಜೊತೆಗೆ ಅವ್ವನ ಓಣಿಯ ಸ್ವಸಹಾಯ ಸಂಘದ ಲೆಕ್ಕ, ಇಷ್ಟಕ್ಕೆ ಆ ಯಂತ್ರ ಧಾರಾಳವಾಗಿ ಸಾಲುತ್ತದೆ. ಹೊಸದು ಕೊಳ್ಳುವ ಅಗತ್ಯವೂ ಇಲ್ಲ, ಅನುಕೂಲವೂ ಇಲ್ಲ.

ಪೂರ್ತಿ ಕೆಲಸ ಕೊಟ್ಟು ಅಳೆದಾಗ ಪ್ರೊಸೆಸರಿನ ಬಿಸಿ 78 ಡಿಗ್ರಿ ತೋರಿಸಿತು. ಪೆಟ್ಟಿಗೆ ಬಿಚ್ಚಿ, ಹೀಟ್ ಸಿಂಕಿನ ಸಂದುಗಳಲ್ಲಿ ಹತ್ತಿಯಂತೆ ಕೂತಿದ್ದ ಧೂಳನ್ನು ಬ್ರಷ್ಷಿನಿಂದ ತೆಗೆದೆ. ಒಣಗಿ ಸುಣ್ಣದಂತಾಗಿದ್ದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿದೆ. 71ಕ್ಕೆ ಇಳಿಯಿತು. ಇನ್ನೂ ಇಳಿಸಬೇಕೆಂದರೆ ಹೊರಗಿನಿಂದ ತಂಪು ಮಾಡಿದರೆ ಸಾಲದು, ಒಳಗೆ ಹುಟ್ಟುವ ಬಿಸಿಯನ್ನೇ ಕಡಿಮೆ ಮಾಡಬೇಕು. ಅದಕ್ಕೆ ಒಂದು ದಾರಿಯಿದೆ: ಪ್ರೊಸೆಸರಿಗೆ ಕೊಡುವ ವೋಲ್ಟೇಜನ್ನು ಇಳಿಸುವುದು. ಬಲ್ಲವರು ಇದನ್ನು ಅಂಡರ್‌ವೋಲ್ಟಿಂಗ್ ಎನ್ನುತ್ತಾರೆ.

ಇದರ ಹಿಂದಿನ ಲೆಕ್ಕ ಸರಳ. ಟ್ರಾನ್ಸಿಸ್ಟರು ಪ್ರತಿ ಸಲ ಸ್ಥಿತಿ ಬದಲಿಸುವಾಗ ಒಂದಿಷ್ಟು ಶಕ್ತಿ ಬಿಸಿಯಾಗಿ ಹೋಗುತ್ತದೆ. ಆ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ಅಂದರೆ ವೇಗ ಹಾಗೆಯೇ ಇಟ್ಟು ವೋಲ್ಟೇಜನ್ನು ನೂರಕ್ಕೆ ಹತ್ತರಷ್ಟು ಇಳಿಸಿದರೆ ಈ ಖರ್ಚು ನೂರಕ್ಕೆ ಹತ್ತೊಂಬತ್ತರಷ್ಟು ಇಳಿಯುತ್ತದೆ. ಕಂಪ್ಯೂಟರುಗಳ ಇತಿಹಾಸದ ಒಂದು ಮುಖ್ಯ ಎಳೆಯೇ ಈ ಇಳಿಕೆ. 1978ರ 8086 ಪ್ರೊಸೆಸರು 5 ವೋಲ್ಟಿನಲ್ಲಿ ನಡೆಯುತ್ತಿತ್ತು. ನನ್ನ ಇ8400 ಕೇಳುವುದು 1.225 ವೋಲ್ಟ್.

ಕೇಳುವುದು ಎಂದೆ. ನಿಜ ಹೇಳಬೇಕೆಂದರೆ ಅದು ಕೇಳುವುದಲ್ಲ, ಅದರ ಪರವಾಗಿ ಕಾರ್ಖಾನೆ ಬರೆದಿಟ್ಟದ್ದು. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್ಪುಗಳೂ ಒಂದರಂತೆ ಒಂದಿರುವುದಿಲ್ಲ, ಒಂದೇ ಬಸಿರಿನ ಮಕ್ಕಳ ಹಾಗೆ. ಕಾರ್ಖಾನೆ ಪ್ರತಿಯೊಂದನ್ನೂ ಪರೀಕ್ಷಿಸಿ, ಇದಕ್ಕೆ ಇಷ್ಟು ವೋಲ್ಟ್ ಎಂದು ಅದರೊಳಗೇ ಗುರುತು ಹಾಕುತ್ತದೆ. ಆ ಅಂಕಿಯಲ್ಲಿ ಎರಡು ಭಾಗಗಳಿವೆ. ಒಂದು, ಕೆಲಸಕ್ಕೆ ನಿಜವಾಗಿ ಬೇಕಾದದ್ದು. ಇನ್ನೊಂದು, ಮೀಸಲು. ಈ ಚಿಪ್ಪು ಹಿಮ ಬೀಳುವ ಊರಿಗೆ ಹೋಗುತ್ತದೋ ರಾಯಚೂರಿಗೆ ಬರುತ್ತದೋ ಕಾರ್ಖಾನೆಗೆ ಗೊತ್ತಿಲ್ಲ. ಕೊಳ್ಳುವವನು ಒಳ್ಳೆಯ ಪವರ್ ಸಪ್ಲೈ ಹಾಕುತ್ತಾನೋ ಅಗ್ಗದ್ದು ಹಾಕುತ್ತಾನೋ ಗೊತ್ತಿಲ್ಲ. ಧೂಳು ತೆಗೆಯುತ್ತಾನೋ ಇಲ್ಲವೋ ಗೊತ್ತಿಲ್ಲ. ವರ್ಷಗಳು ಕಳೆದಂತೆ ಟ್ರಾನ್ಸಿಸ್ಟರುಗಳೂ ಮುದಿಯಾಗುತ್ತವೆ, ಅದೇ ವೇಗಕ್ಕೆ ತುಸು ಹೆಚ್ಚು ವೋಲ್ಟ್ ಬೇಡುತ್ತವೆ. ಕಾಣದ ಈ ಎಲ್ಲ ದಿನಗಳಿಗಾಗಿ ಕಾರ್ಖಾನೆ ಒಂದಿಷ್ಟು ಹೆಚ್ಚಿಗೆ ಕಟ್ಟಿ ಕಳಿಸುತ್ತದೆ, ದೂರದ ಊರಿಗೆ ಹೊರಟ ಮಗನ ಬುತ್ತಿಯಲ್ಲಿ ಅವ್ವ ಎರಡು ರೊಟ್ಟಿ ಹೆಚ್ಚಿಗೆ ಇಡುವ ಹಾಗೆ.

ಅಂಡರ್‌ವೋಲ್ಟಿಂಗ್ ಎಂದರೆ ಆ ಎರಡು ರೊಟ್ಟಿಗೆ ಕೈಹಾಕುವುದು.

ನಾನು ಕೈಹಾಕಿದೆ. ಕಂಪ್ಯೂಟರ್ ಶುರುವಾಗುವ ಮುಂಚೆ ತೆರೆದುಕೊಳ್ಳುವ ಬಯಾಸ್‌ಗೆ ಹೋಗಿ 1.225 ಇದ್ದದ್ದನ್ನು 1.15 ಮಾಡಿದೆ. ಏನೂ ಆಗಲಿಲ್ಲ. 1.10 ಮಾಡಿದೆ. ಏನೂ ಆಗಲಿಲ್ಲ. 1.05. ಆಗಲೂ ಇಲ್ಲ. ಪ್ರತಿ ಮೆಟ್ಟಿಲಿಗೂ ಫ್ಯಾನಿನ ಸದ್ದು ತುಸು ತಗ್ಗುತ್ತಿತ್ತು, ನನ್ನ ಹುಮ್ಮಸ್ಸು ತುಸು ಏರುತ್ತಿತ್ತು. 1.00ಕ್ಕೆ ಇಳಿಸಿದಾಗ ಪರದೆ ನೀಲಿಯಾಗಿ ಯಂತ್ರ ನಿಂತೇಬಿಟ್ಟಿತು. 1.025ಕ್ಕೆ ಏರಿಸಿದೆ. ಈಗ ಎಲ್ಲ ಸರಿಯಿದೆ ಅನ್ನಿಸಿತು. ಆದರೂ ಪ್ರೈಮ್95 ಹಚ್ಚಿದೆ. ಅದು 1996ರಿಂದ ದೊಡ್ಡ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುತ್ತಿರುವವರ ತಂತ್ರಾಂಶ. ಆ ಹುಡುಕಾಟದಲ್ಲಿ ಒಂದೇ ಒಂದು ಅಂಕಿ ತಪ್ಪಿದರೂ ಎಲ್ಲ ವ್ಯರ್ಥ. ಆದ್ದರಿಂದ ಉತ್ತರ ಮೊದಲೇ ಗೊತ್ತಿರುವ ಭಾರಿ ಗುಣಾಕಾರಗಳನ್ನು ಪ್ರೊಸೆಸರಿನಿಂದ ಮಾಡಿಸಿ, ಬಂದ ಉತ್ತರವನ್ನು ತಾಳೆ ನೋಡುವ ಪರೀಕ್ಷೆಯೊಂದು ಅದರಲ್ಲಿದೆ. ಮೂರು ತಾಸು ಸರಿಯಾಗಿ ಓಡಿ, ಆಮೇಲೆ ಒಂದು ಕೋರ್ ತಪ್ಪು ಉತ್ತರ ಕೊಟ್ಟಿತು. ಪರದೆ ನೀಲಿಯಾಗಲಿಲ್ಲ, ಯಂತ್ರ ನಿಲ್ಲಲಿಲ್ಲ. ಲೆಕ್ಕ ಮಾತ್ರ ತಪ್ಪಿತು.

ಮತ್ತೆ 1.05ಕ್ಕೆ ಬಂದು ಇಡೀ ರಾತ್ರಿ ಓಡಿಸಿದೆ. ಬೆಳಿಗ್ಗೆ ನೋಡಿದರೆ ಒಂದೂ ತಪ್ಪಿಲ್ಲ. ಮಧ್ಯಾಹ್ನ ಅದೇ 38 ಡಿಗ್ರಿಯ ಕೋಣೆಯಲ್ಲಿ ಪ್ರೊಸೆಸರು 62ಕ್ಕೆ ನಿಂತಿತ್ತು. ವರ್ಗದ ಲೆಕ್ಕ ಹಿಡಿದರೆ ಖರ್ಚಿನಲ್ಲಿ ಕಾಲುಭಾಗಕ್ಕೂ ಹೆಚ್ಚು ಉಳಿತಾಯ. ನಮ್ಮ ಮನೆಯ ಬಿಲ್ಲಿಗೆ ಇದರಿಂದ ಏನೂ ಲಾಭವಿಲ್ಲ. ಗೃಹಜ್ಯೋತಿ ಬಂದ ಮೇಲೆ ನಮಗೆ ಬರುವುದು ಸೊನ್ನೆಯ ಬಿಲ್ಲು. ಆದರೆ ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ ನನ್ನ ಸಲುವಾಗಿ ಉರಿಯುವ ಕಲ್ಲಿದ್ದಲಿನಲ್ಲಿ ಒಂದು ಚಿಟಿಕೆಯಾದರೂ ಉಳಿಯಿತಲ್ಲ ಎಂಬ ಸಮಾಧಾನ. ಅದಕ್ಕಿಂತ ಹೆಚ್ಚಾಗಿ, ಜಗತ್ತು ಹೆಚ್ಚೆಂದು ಕೊಟ್ಟದ್ದನ್ನು ಬೇಡವೆಂದು ಮರಳಿಸಿದ ಒಂದು ಹೆಮ್ಮೆ.

ಆ ಹೆಮ್ಮೆಯಲ್ಲೇ ಅವ್ವನ ಮುಂದೆ ಕೂತು ಹೇಳಿದೆ: “ನೋಡವ್ವ, ಕಂಪನಿಯವರು ಅಷ್ಟು ಬೇಕು ಅಂತ ಬರದಿರ್ತಾರ. ಅಷ್ಟೇನೂ ಬೇಕಾಗಿಲ್ಲ. ಕಡಿಮಿ ಮಾಡೀನಿ, ಏನೂ ಆಗಿಲ್ಲ.”

ಅವ್ವ ಹಸನು ಮಾಡುತ್ತಿದ್ದ ಜೋಳದ ಮರದಿಂದ ತಲೆ ಎತ್ತಲಿಲ್ಲ. “ನಾನೂ ಹಂಗ ಮಾಡೀನಲ್ಲ,” ಎಂದಳು. “ಡಾಕ್ಟರ್ ಬಿಪಿಗೆ ದಿನಕ್ಕೊಂದು ಪೂರಾ ಗುಳಿಗಿ ಬರದಾರ. ನಾ ಅರ್ಧಾ ಮುರದು ತಗೊಳ್ಳಾಕತ್ತೀನಿ. ನಾಕು ತಿಂಗಳಾತು. ಏನೂ ಆಗಿಲ್ಲ ನೋಡು.”

ಏನೂ ಆಗಿಲ್ಲ. ನಾನು ಆಡಿದ್ದೇ ಮಾತು.

“ಯಾಕವ್ವ?” ಎಂದೆ.

“ಮುಂದ ರಜಾ ಬರ್ತಾವ. ರಜಾದಾಗ ನಿನ್ನ ಪಗಾರ ಬರಾಂಗಿಲ್ಲಲ್ಲ,” ಎಂದಳು, ಜೋಳದಲ್ಲಿ ಕಲ್ಲು ಹುಡುಕುತ್ತ.

ಮರುದಿನ ದವಾಖಾನೆಗೆ ಕರೆದುಕೊಂಡು ಹೋದೆ. ಬಿಪಿ 170 ದಾಟಿತ್ತು. ಡಾಕ್ಟರು ಬೈಯಲಿಲ್ಲ. “ಬಿಪಿ ಏರಿದರೆ ತಲೆ ತಿರುಗುತ್ತದೆ, ಗೊತ್ತಾಗುತ್ತದೆ ಅಂತ ತಿಳಿದಿದ್ದಿರಾ? ಬಹಳ ಮಂದಿಗೆ ಗೊತ್ತೇ ಆಗುವುದಿಲ್ಲ. ಒಳಗೆ ಕಿಡ್ನಿಗೆ, ಹೃದಯಕ್ಕೆ ಗೊತ್ತಾಗಿರುತ್ತದೆ,” ಎಂದಷ್ಟೇ ಹೇಳಿದರು. ರಕ್ತದ ಪರೀಕ್ಷೆಯಲ್ಲಿ ಕಿಡ್ನಿಯ ಅಂಕಿ ಗೆರೆ ದಾಟಿರಲಿಲ್ಲ. ಗೆರೆಯ ಹತ್ತಿರ ಬಂದು ನಿಂತಿತ್ತು.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಾನು ಮಾಡಿದ್ದೂ ಅವ್ವ ಮಾಡಿದ್ದೂ ಒಂದೇ ಬಗೆಯ ಕೆಲಸ. ಬಲ್ಲವರು ಬರೆದುಕೊಟ್ಟ ಅಳತೆಯನ್ನು ಇಬ್ಬರೂ ಇಳಿಸಿದೆವು. ಏನೂ ಆಗಲಿಲ್ಲ ಎಂಬುದನ್ನೇ ಇಬ್ಬರೂ ಸಾಕ್ಷಿ ಮಾಡಿಕೊಂಡೆವು. ಹಾಗಿದ್ದರೆ ಒಂದು ಜಾಣತನವೂ ಇನ್ನೊಂದು ತಪ್ಪೂ ಹೇಗಾಯಿತು? ಅಥವಾ ಎರಡೂ ತಪ್ಪೇ?

ಮೊದಲು ಆ ಸಾಕ್ಷಿಯ ಮಾತು. ಅಂಚು ಎಲ್ಲಿದೆ ಎಂದು ತಿಳಿಯಬೇಕಾದರೆ ಅದನ್ನು ಒಮ್ಮೆ ದಾಟಲೇಬೇಕು. 1.00ರಲ್ಲಿ ಯಂತ್ರ ಬಿದ್ದದ್ದರಿಂದಲೇ 1.05 ಗಟ್ಟಿ ಎಂದು ನಾನು ನಂಬಿದೆ. ಯಂತ್ರ ಬಿದ್ದರೆ ಎಬ್ಬಿಸಬಹುದು, ಒಂದು ಬಟನ್ ಒತ್ತಿದರಾಯಿತು. ಆದರೆ ನಡುವಿನ 1.025 ಕಲಿಸಿದ ಪಾಠ ಬೇರೆ. ಅಲ್ಲಿ ಬೀಳುವಿಕೆ ಇರಲಿಲ್ಲ, ತಪ್ಪು ಮಾತ್ರ ಇತ್ತು. ಪ್ರೈಮ್95ಗೆ ಉತ್ತರ ಮೊದಲೇ ಗೊತ್ತಿತ್ತು, ಅದಕ್ಕೇ ಸಿಕ್ಕಿಬಿತ್ತು. ಅದೇ ಹೊತ್ತಿನಲ್ಲಿ ನಾನು ಸಂಘದ ಲೆಕ್ಕ ಕೂಡಿಸುತ್ತಿದ್ದರೆ? ಯಾವಳೋ ಒಬ್ಬಾಕೆ ವಾರವಾರ ಕಟ್ಟಿದ ಹಣದಲ್ಲಿ ಒಂದು ಅಂಕಿ ಮಾಯವಾಗಿದ್ದರೆ ಯಾರಿಗೆ ತಿಳಿಯುತ್ತಿತ್ತು?

ಇದು ಬರೀ ಕಲ್ಪನೆಯಲ್ಲ. 2021ರಲ್ಲಿ ಫೇಸ್‌ಬುಕ್ಕಿನ ಎಂಜಿನಿಯರುಗಳು ತಮ್ಮ ಸಾವಿರಾರು ಯಂತ್ರಗಳ ನಡುವೆ ಸಿಕ್ಕ ಒಂದು ಕೆಟ್ಟ ಪ್ರೊಸೆಸರಿನ ಕತೆಯನ್ನು ಬರೆದರು. 1.1ನ್ನು 53 ಸಲ ಗುಣಿಸಿದರೆ ಬರುವ ಪೂರ್ಣಾಂಕ 156. ಆ ಪ್ರೊಸೆಸರಿನ ಒಂದು ಕೋರ್ ಅದನ್ನು ಸೊನ್ನೆ ಎಂದಿತು. ಬೇರೆ ಎಷ್ಟೋ ಲೆಕ್ಕಗಳನ್ನು ಸರಿಯಾಗಿಯೇ ಮಾಡುತ್ತಿತ್ತು. ಗಾತ್ರ ಸೊನ್ನೆ ಎಂದು ಬಂದ ಕಡತ ಖಾಲಿ ಎಂದೆಣಿಸಿ ಮುಂದಿನ ತಂತ್ರಾಂಶ ಅದನ್ನು ಬಿಟ್ಟೇಬಿಟ್ಟಿತು, ಹೀಗೆ ಕಡತಗಳು ಕಾಣೆಯಾದವು. ಆ ಪ್ರೊಸೆಸರು ಕೆಟ್ಟದ್ದು ಯಾರೋ ವೋಲ್ಟೇಜ್ ಇಳಿಸಿದ್ದರಿಂದಲ್ಲ. ಆದರೆ ಯಂತ್ರ ಕೆಟ್ಟರೆ ನಿಂತುಹೋಗುತ್ತದೆ ಎಂಬ ನಮ್ಮ ಭರವಸೆ ಎಷ್ಟು ಹುಸಿ ಎಂಬುದನ್ನು ಅದು ತೋರಿಸಿತು. ನಡೆಯುತ್ತಿರುವುದೆಲ್ಲ ಸರಿಯಾಗಿದೆ ಎಂದಲ್ಲ. ಅವ್ವ ಕೂಡ ನಾಲ್ಕು ತಿಂಗಳು ಜೋಳ ಹಸನು ಮಾಡಿದಳು, ರೊಟ್ಟಿ ಬಡಿದಳು, ಸಂಘದ ಸಭೆಗೆ ಹೋಗಿಬಂದಳು.

ಹಾಗೆಂದು ಮೀಸಲೆಲ್ಲ ಪವಿತ್ರ, ಮುಟ್ಟಬಾರದು ಎನ್ನಲು ನನಗೆ ಮನಸ್ಸಿಲ್ಲ. ಕಾರ್ಖಾನೆಯ ಅಳತೆಯಲ್ಲಿ ಎಚ್ಚರದ ಜೊತೆಗೆ ಅಜ್ಞಾನವೂ ಇದೆ. ನನ್ನ ಯಂತ್ರ ಎಲ್ಲಿದೆ, ಹೇಗಿದೆ ಎಂದು ತಿಳಿಯದೆ ಅದು ಎಲ್ಲರಿಗೂ ಕೆಟ್ಟ ದಿನದ ಲೆಕ್ಕ ಹಿಡಿಯಿತು. ಧೂಳು ತೆಗೆದು, ಪೇಸ್ಟ್ ಬದಲಿಸಿ, ರಾತ್ರಿಯಿಡೀ ಕಾದು ಕೂತ ನನಗೆ ಈ ಒಂದು ಚಿಪ್ಪಿನ ಬಗ್ಗೆ ಕಾರ್ಖಾನೆಗೆ ಗೊತ್ತಿಲ್ಲದ ಸಂಗತಿಗಳು ಗೊತ್ತು. ಉಳಿಸಿದ್ದರಲ್ಲಿ ಅದಕ್ಕೂ ಪಾಲಿದೆ, ಏಕೆಂದರೆ ತಂಪಾಗಿರುವ, ಕಡಿಮೆ ವೋಲ್ಟಿನ ಚಿಪ್ಪು ನಿಧಾನವಾಗಿ ಮುದಿಯಾಗುತ್ತದೆ. ಬೇಡವಾದದ್ದನ್ನು ಸುಡುವುದು ಧಾರಾಳತನ ಅಲ್ಲ. ಡಾಕ್ಟರೂ ಗುಳಿಗೆ ಕಡಿಮೆ ಮಾಡುತ್ತಾರೆ, ಅಳೆದು, ಕಾದು, ಮತ್ತೆ ಅಳೆದು.

ಮಿತದ ಮಾತು ಬಂದಾಗ ನಮ್ಮ ಜಿಲ್ಲೆಯವರಿಗೆ ನೆನಪಾಗುವುದು ಲಿಂಗಸುಗೂರಿನ ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದರೆಂದು ಹೇಳುವ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ನಮಗೆ ಇಷ್ಟೇಕೆ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಅವನನ್ನು ಮರಳಿ ಕಳಿಸಿದಳು. ಚಿಕ್ಕಂದಿನಿಂದ ಈ ಕತೆಯನ್ನು ಮಿತದ ಕತೆಯೆಂದೇ ಕೇಳಿದ್ದೆ. ಈಗ ಅದರ ಇನ್ನೊಂದು ಭಾಗ ಕಾಣುತ್ತಿದೆ. ಆಯ್ದ ಅಕ್ಕಿಯಲ್ಲೇ ಆ ಮನೆಯಲ್ಲಿ ಜಂಗಮರಿಗೆ ದಾಸೋಹ ನಡೆಯುತ್ತಿತ್ತು. ಲಕ್ಕಮ್ಮ ಕಡಿತ ಮಾಡಿದ್ದು ಮನೆಯೊಳಗೆ ಬರುವ ಹೆಚ್ಚಿಗೆಯನ್ನು. ಬಂದವರ ಎಲೆಯ ಮೇಲೆ ಬಡಿಸುವುದನ್ನಲ್ಲ.

ನಮ್ಮ ಊಟದ ಪಂಕ್ತಿಯಲ್ಲಿ ಎರಡು ಮಾತುಗಳಿವೆ. ಉಣ್ಣುವವರು “ಸಾಕು” ಎನ್ನುತ್ತಾರೆ. ಬಡಿಸುವವರು “ಇರಲಿ” ಎಂದು ಇನ್ನೊಂದು ರೊಟ್ಟಿ ಹಾಕುತ್ತಾರೆ. ಇದು ಬರೀ ಉಪಚಾರ ಎಂದುಕೊಂಡಿದ್ದೆ. ಈಗ ಇದರಲ್ಲಿ ಒಂದು ನ್ಯಾಯವೇ ಇದೆ ಅನ್ನಿಸುತ್ತದೆ. ಸಾಕು ಎನ್ನುವ ಹಕ್ಕು ಉಣ್ಣುವ ಬಾಯಿಗೆ ಸೇರಿದ್ದು. ಹಸಿವು ಅದಕ್ಕೆ ಮಾತ್ರ ಗೊತ್ತು. ಇರಲಿ ಎನ್ನುವ ಹೊಣೆ ಬಡಿಸುವ ಕೈಗೆ ಸೇರಿದ್ದು, ಏಕೆಂದರೆ ಉಣ್ಣುವವರು ಸಂಕೋಚಕ್ಕೆ ಸಾಕು ಎಂದಿರಬಹುದು. ಈ ಎರಡು ಮಾತುಗಳು ಬಾಯಿ ಬದಲಿಸಿದಾಗ ಅನ್ಯಾಯ ಶುರುವಾಗುತ್ತದೆ. ಬಡಿಸುವವರೇ “ನಿನಗೆ ಇಷ್ಟು ಸಾಕು” ಎಂದರೆ ಅದನ್ನು ಮಿತ ಎನ್ನಲಾಗದು.

ಅತಿಥಿ ಉಪನ್ಯಾಸಕನಾಗಿ ನನಗೆ ಆ ಬಗೆಯ ಸಾಕು ಪರಿಚಿತ. ಪಾಠ ನಡೆಯುವ ತಿಂಗಳಿಗೆ ಗೌರವಧನ, ರಜೆಗೆ ಇಲ್ಲ. ಇಷ್ಟಕ್ಕೆ ಜನ ಬರುತ್ತಾರೆಯೇ? ಬರುತ್ತಾರೆ. ಪಾಠ ನಡೆಯುತ್ತದೆಯೇ? ನಡೆಯುತ್ತದೆ. ಹಾಗಾದರೆ ಸಾಕು. ನಾನು ಬಯಾಸ್‌ನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದದ್ದೂ ಇದೇ ತರ್ಕದಿಂದಲೇ. ವ್ಯತ್ಯಾಸವೆಂದರೆ, ಯಂತ್ರ ಬಿದ್ದಾಗ ನಾನು ಒಂದು ಮೆಟ್ಟಿಲು ಹತ್ತಿದೆ. ಮನುಷ್ಯರ ವಿಷಯದಲ್ಲಿ ಬೀಳುವ ಸದ್ದು ಬಹಳ ಸಲ ಇಳಿಸಿದವರಿಗೆ ಕೇಳಿಸುವುದೇ ಇಲ್ಲ. ನನ್ನ ಮೀಸಲು ಕಡಿದಾಗ ನಾನು ಬೀಳಲಿಲ್ಲ, ನನ್ನ ಮನೆಯಲ್ಲಿ ಒಂದು ಗುಳಿಗೆ ಎರಡು ತುಂಡಾಯಿತು. ಕಡಿತ ಹೀಗೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತ, ಕೊನೆಗೆ ದೂರು ಹೇಳದ ದೇಹದಲ್ಲಿ ಹೋಗಿ ನಿಲ್ಲುತ್ತದೆ.

ಹಸಿದವರ ತಪ್ಪಿನಿಂದ ಲಾಭ ಪಡೆಯುವವರೂ ಇರುತ್ತಾರೆ. 2019ರ ಕೊನೆಯಲ್ಲಿ ಕೆಲವು ಸಂಶೋಧಕರು, ಪ್ರೊಸೆಸರಿನ ವೋಲ್ಟೇಜನ್ನು ಬೇಕೆಂದೇ ಕ್ಷಣಕಾಲ ಇಳಿಸಿ, ಅದು ಲೆಕ್ಕ ತಪ್ಪುವಂತೆ ಮಾಡಿ, ಆ ತಪ್ಪಿನ ಮೂಲಕ ಒಳಗಿಟ್ಟ ಗುಪ್ತ ಕೀಲಿಗಳನ್ನು ಹೊರಗೆಳೆಯಬಹುದೆಂದು ತೋರಿಸಿಕೊಟ್ಟರು. ಪ್ಲಂಡರ್‌ವೋಲ್ಟ್ ಎಂದು ಅದಕ್ಕೆ ಹೆಸರಿಟ್ಟರು. ಆಮೇಲೆ ಅನೇಕ ಹೊಸ ಯಂತ್ರಗಳಲ್ಲಿ ತಂತ್ರಾಂಶದಿಂದ ವೋಲ್ಟೇಜ್ ಇಳಿಸುವ ದಾರಿಯನ್ನೇ ಮುಚ್ಚಿದರು. ಓದುವಾಗ ನನಗೆ ಸಾಲ ಕೊಡುವವರು ನೆನಪಾದರು. ಕೈಯಲ್ಲಿ ಕಾಸಿಲ್ಲದ ಹೊತ್ತು ನೋಡಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರ ವಿದ್ಯೆಯೂ ಇದೇ ಅಲ್ಲವೇ.

ಆದರೆ ಅವ್ವನಿಗೆ ಯಾರೂ ಸಾಕು ಎಂದಿರಲಿಲ್ಲ. ಅವಳೇ ಅಂದಳು, ತನ್ನ ಬಾಯಿಂದ, ತನಗಾಗಿ. ನನ್ನ ಪಂಕ್ತಿಯ ನ್ಯಾಯದಂತೆ ಅದು ಸರಿಯಾಗಬೇಕಿತ್ತು. ಇಲ್ಲಿ ಬಹಳ ದಿನ ತೊಡಕಿಕೊಂಡು ಕೂತಿದ್ದೆ. ಕೊನೆಗೆ ಹೊಳೆದದ್ದು ಇಷ್ಟು: ಅವ್ವ ಎಂದೂ ಪಂಕ್ತಿಯಲ್ಲಿ ಕೂತವಳೇ ಅಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಒಲೆಯ ಮುಂದೆ ಒಬ್ಬಳೇ ಉಣ್ಣುವವಳು. ಅಲ್ಲಿ ಸಾಕು ಎಂದರೆ ಇರಲಿ ಎನ್ನಲು ಎದುರಿಗೆ ಯಾರೂ ಇರುವುದಿಲ್ಲ. ಬುಟ್ಟಿಯಲ್ಲಿ ಉಳಿದದ್ದು ಎಷ್ಟೋ ಅಷ್ಟಕ್ಕೇ ಸಾಕು ಎನ್ನಲು ಅವಳ ನಾಲಿಗೆ ಪಳಗಿದೆ. ಆ ಸಾಕು ಅವಳ ಹಸಿವಿನ ಅಳತೆಯಲ್ಲ, ಬುಟ್ಟಿಯ ಅಳತೆ. ಲಕ್ಕಮ್ಮ ಹೆಚ್ಚಿಗೆ ಬಂದದ್ದನ್ನು ಕಣ್ಣಾರೆ ಕಂಡು ಬೇಡವೆಂದಳು. ನಮ್ಮವ್ವ ಬರಲಾರದ್ದನ್ನು ಮೊದಲೇ ಊಹಿಸಿ ತನ್ನದನ್ನು ಮುರಿದಳು. ಇದಕ್ಕೆ ಸ್ವಂತ ಇಚ್ಛೆ ಎಂದು ಹೆಸರಿಟ್ಟು ನಾವು ಕೈ ತೊಳೆದುಕೊಳ್ಳುತ್ತೇವೆ. ನಾಲ್ಕು ತಿಂಗಳು ಅವಳ ಗುಳಿಗೆಯ ಡಬ್ಬಿಯನ್ನು ಒಮ್ಮೆಯೂ ತೆರೆದು ನೋಡದ ನಾನು, ಪ್ರೊಸೆಸರಿನ ಬಿಸಿಯನ್ನು ಗಳಿಗೆಗೊಮ್ಮೆ ನೋಡುತ್ತಿದ್ದೆ.

ಪ್ರೊಸೆಸರಿಗೆ ಬಾಯಿಯೇ ಇಲ್ಲ, ಸಾಕು ಎನ್ನಲಾರದು, ಸಾಲದು ಎನ್ನಲಾರದು. ಬಾಯಿಲ್ಲದವರ, ಬಾಯಿದ್ದೂ ಸಾಕು ಎಂಬ ಒಂದೇ ಮಾತು ಕಲಿತವರ ಪಾಲಿನ ಅಳತೆ ನನ್ನ ಕೈಗೆ ಬಂದಾಗ, ನಾನು ಅಂಚಿನವರೆಗೆ ಹೋಗಿ ಅದರ ತುದಿಯಲ್ಲಿ ನಿಲ್ಲಿಸಬಾರದು. ಹೆಚ್ಚಾದದ್ದನ್ನು ತೆಗೆಯಬಹುದು. ಕಾಣದ ದಿನಗಳಿಗಾಗಿ ಇಟ್ಟದ್ದರಲ್ಲಿ ಒಂದು ಪಾಲನ್ನು ಅಲ್ಲೇ ಬಿಡಬೇಕು. ತಪ್ಪಿದರೆ ಪೆಟ್ಟು ಬೀಳುವುದು ನನ್ನ ಮೇಲೋ ಇನ್ನೊಬ್ಬರ ಮೇಲೋ ಎಂದು ಕೇಳಿಕೊಳ್ಳಬೇಕು. ಇಳಿಸಿದ ಮೇಲೆ ನೋಡುತ್ತಲೂ ಇರಬೇಕು.

ದವಾಖಾನೆಯಿಂದ ಬಂದ ವಾರದಲ್ಲಿ ಮತ್ತೆ ಬಯಾಸ್ ತೆರೆದು 1.05 ಇದ್ದದ್ದನ್ನು 1.10 ಮಾಡಿದೆ. ಬಿಸಿ 62ರಿಂದ 65ಕ್ಕೆ ಏರಿತು. ಆ ಮೂರು ಡಿಗ್ರಿಯನ್ನು ಯಾವ ಪರೀಕ್ಷೆಯೂ ನನ್ನಿಂದ ಕೇಳಿರಲಿಲ್ಲ. ಸಂಘದ ಲೆಕ್ಕದ ಮೊತ್ತವನ್ನು ತಿಂಗಳಿಗೊಮ್ಮೆ ಕಾಗದದ ಮೇಲೂ ಕೂಡಿಸಿ ತಾಳೆ ನೋಡುತ್ತೇನೆ. ಬೆಳಿಗ್ಗೆ ಚಹಾದ ಜೊತೆ ಅವ್ವನ ಕೈಗೆ ಪೂರಾ ಗುಳಿಗೆ ಕೊಟ್ಟು, ನುಂಗುವವರೆಗೆ ಅಲ್ಲೇ ನಿಲ್ಲುತ್ತೇನೆ.

ಮೊನ್ನೆ ಅವಳು ಮತ್ತೆ ಬಾಗಿಲಲ್ಲಿ ನಿಂತು ಕೇಳಿದಳು: “ಈಗ ಸದ್ದು ಕಡಿಮಿ ಆಗ್ಯದ. ಮತ್ತೆ ಅವತ್ತಿನಷ್ಟು ತಣ್ಣಗ ಯಾಕಿಲ್ಲ? ಪೂರಾ ಇಳಿಸಲಿಲ್ಲೇನು?”

“ಇಲ್ಲವ್ವ, ಸ್ವಲ್ಪ ಬಿಟ್ಟೀನಿ.”

“ಯಾಕ?”

“ಇರಲಿ ಅಂತ.”